ಕಪ್ಪು ಕಂಬಳಿಯ ಬದಲು

ವಾಮದಪದವು

ಪ್ರೀತಿಯ ಶೋಧನ್,

ಘಟ್ಟದ ಚಳಿಯಲ್ಲಿ ಹಂದಿ ಬೇಟೆಗೆ ಹೋಗಲು ಅಪ್ಪನ ಕಪ್ಪು ಕಂಬಳಿ ಕೇಳಿದ್ದೀಯಲ್ಲ, ಅದನ್ನು ಕಳುಹಿಸುವುದಿಲ್ಲ. ಈ ಚೀಲದಲ್ಲಿ ದಪ್ಪ ಸ್ವೆಟರ್, ಉಣ್ಣೆಯ ಟೊಪ್ಪಿ, ನಿನ್ನ ವಾಲಿಬಾಲ್ ತಂಡದ ಕಿತ್ತಳೆ ಜೆರ್ಸಿ ಇಟ್ಟಿದ್ದೇನೆ. ಜೆರ್ಸಿಯನ್ನು ಎಲ್ಲದರ ಮೇಲೆ ಹಾಕಿಕೋ. “ಹಂದಿ ಓಡಿಹೋಗ್ತದೆ ಮಾರಾಯ್ತಿ” ಅನ್ನುತ್ತೀ, ಗೊತ್ತು. ಓಡಿಹೋಗಲಿ.

ಮಂಜಿನಲ್ಲಿ ಆ ಕಂಬಳಿ ಹೊದ್ದು ಕುಳಿತದ್ದಕ್ಕೇ ಅಲ್ಲವೇ, ಶಂಭು ಮಾವ ಹಂದಿಯೆಂದು ತಿಳಿದು ಗುಂಡು ಹೊಡೆದು, ಅಪ್ಪ ಇಲ್ಲವಾದದ್ದು? ಬೇಕೆಂದು ಹೊಡೆದವರಲ್ಲ, ಪಾಪ. ಆದರೆ ಈ ಸಲವೂ ಕೋವಿ ಅವರ ಕೈಯಲ್ಲೇ ಅಂತೆ.

ಹೊರಡುವ ಮೊದಲು ಒಮ್ಮೆ ಫೋನ್ ಮಾಡು. ನಿನ್ನೆ ಹಾಡುಹಗಲೇ ಅಂಗಳಕ್ಕೆ ಬಂದ ಮಾವ, ಎದುರಿಗೇ ನಿಂತಿದ್ದ ನನ್ನನ್ನು, “ಶೋಧನ್, ಅಕ್ಕ ಇದ್ದಾಳಾ?” ಎಂದು ಕೇಳಿದರು.

ನಿನ್ನ ಅಕ್ಕ,
ಅಕ್ಷಿತಾ