ಗೋಡೆಯಾಚೆಯ ನಾಗೇಶಿ

ನವನಗರ, ಬಾಗಲಕೋಟೆ
೧೮ ನವೆಂಬರ್ ೨೦೨೪

ಪ್ರೀತಿಯ ಮಗಳು ಜಯಶ್ರೀಗೆ,

ಅಪ್ಪನ ತುಂಬು ಆಶೀರ್ವಾದ. ಹುಬ್ಬಳ್ಳಿಯಲ್ಲಿ ನೀನು, ಅಳಿಯ ನಿಂಗರಾಜ, ಮೊಮ್ಮಗಳು ವಿದ್ಯಾ ಆರಾಮ ಇದ್ದೀರಿ ತಾನೆ? ವಿದ್ಯಾಳ ಕೆಮ್ಮು ಇಳಿಯಿತೇ? ನನ್ನ ಮುರಿದ ಎಲುಬು ಕೂಡಿಕೊಂಡಿದೆ, ಕೋಲು ಹಿಡಿದು ಅಂಗಳದವರೆಗೆ ಹೋಗುತ್ತೇನೆ. ಮೆಟ್ಟಿಲು ಮಾತ್ರ ಹತ್ತಲಾಗುವುದಿಲ್ಲ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಗೊಡುವುದಿಲ್ಲ, ಅದಕ್ಕೇ ಈ ಕಾಗದ. ಸಿಟ್ಟು ಮಾಡದೆ ಪೂರ್ತಿ ಓದು.

ಈ ವೃದ್ಧಾಶ್ರಮದಲ್ಲಿ ಊಟ, ಹಾಸಿಗೆ, ಗುಳಿಗೆ ಯಾವುದಕ್ಕೂ ಕೊರತೆಯಿಲ್ಲ. ಮಾಡಲು ಏನೂ ಇಲ್ಲ, ಅದೇ ಕೊರತೆ. ಆಶ್ರಮ ನಡೆಸುವ ಮೇಡಂ ಒಳ್ಳೆಯವರೇ, ಮಧ್ಯಾಹ್ನ ಎಲ್ಲರನ್ನೂ ಕೂಡಿಸಿ ಬಲೂನು ಬಡಿಯುವ ಆಟಕ್ಕೆ ಹಚ್ಚುತ್ತಾರೆ. ಬೀರಪ್ಪನ ಗುಡಿಯಲ್ಲಿ ಬೆಳಗಾಗುವತನಕ ಡೊಳ್ಳಿನ ಮೇಲೆ ಹಾಡಿದವನು ನಾನು, ಬಲೂನಿಗೆ ಕೈ ಎತ್ತುವಾಗ ಬದುಕೇ ಬೇಸರವಾಗುತ್ತಿತ್ತು. ಒಂದು ದಿನ ತಡೆಯಲಾರದೆ ಹರದೇಶಿ ಹಾಡು ಎತ್ತಿದೆ, ಗಂಡೇ ಹೆಚ್ಚು ಎನ್ನುವ ಪಕ್ಷದ್ದು. "ಬೀಜ ಇಲ್ಲದ ಹೊಲ ಏನ ಬೆಳದೀತ ಹೇಳ" ಎಂದು ಗೋಡೆಗೇ ಸವಾಲು ಹಾಕಿದೆ. ಆಚೆ ಕೋಣೆಯಿಂದ ಜವಾಬು ಬಂತು ನೋಡು! "ಹೊಲ ಇಲ್ಲದ ಬೀಜ ಗುಬ್ಬಿ ಪಾಲಾತೋ, ಎಲೋ ಹುಂಬ ಮುದುಕಾ." ಹಾಡಿದವಳು ಹುನಗುಂದದ ಕಡೆಯ ಸಾವಂತ್ರವ್ವ. ಇಲ್ಲಿಗೆ ಬಂದಾಗಿನಿಂದ ಯಾರ ಹತ್ತಿರವೂ ಮಾತಾಡದವಳು, ಆಯಾ ಮಲಿಕಾ ತುತ್ತು ಮಾಡಿ ಬಾಯಿಗಿಟ್ಟರಷ್ಟೇ ಉಣ್ಣುತ್ತಿದ್ದವಳು. ಹಿಂದೆ ಅವಳು ಹೆಣ್ಣೇ ಹೆಚ್ಚು ಎನ್ನುವ ನಾಗೇಶಿ ಹಾಡುತ್ತಿದ್ದಳಂತೆ. ಆಮೇಲೆ ದಿನಾ ನಮ್ಮ ಹಾಡಿಕೆ ನಡೆಯಿತು. ಅವಳು ತಾನೇ ಉಣ್ಣತೊಡಗಿದಳು, ದನಿಗೆ ಕಸುವು ಬೇಕಲ್ಲ! ಹಾಸಿಗೆ ಹಿಡಿದ ಜಾಫರಸಾಬ ಕೂಡ ಮಂಚ ಬಡಿದು ತಾಳ ಹಾಕುತ್ತಿದ್ದ.

ಅಷ್ಟರಲ್ಲಿ ನೀನು ಬಂದೆ. "ಬೊಚ್ಚ ಬಾಯಿ ಮುದುಕಿ, ಬೊಗಳೂದ ಬಿಡ" ಎಂದು ನಾನು ಹಾಡಿದ್ದು ಕೇಳಿ ನಿನ್ನ ಮುಖ ಸಣ್ಣದಾಯಿತು. ಮೇಡಂಗೆ ಕೈಮುಗಿದು, "ನಮ್ಮಪ್ಪಗ ತಲಿ ನೆಟ್ಟಗಿಲ್ಲರಿ, ತಪ್ಪಾತ್ರಿ" ಎಂದೆ. ಜಯವ್ವಾ, ನಮ್ಮ ಹಾಡಿಕೆಯಲ್ಲಿ ಬೈಗುಳವೇ ಮರ್ಯಾದೆ. ಬೈಯದಿದ್ದರೆ ಎದುರಾಳಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ಎಂದರ್ಥ. ಹಾಡಿಗರ ಮನೆಯಲ್ಲಿ ಹುಟ್ಟಿಯೂ ಹಾಸ್ಟೆಲಿನಲ್ಲಿ ಬೆಳೆದ ನಿನಗೆ ಇಷ್ಟೂ ತಿಳಿಯದೆ ಹೋಯಿತೇ? ನಿನ್ನ ಮಾತು ಕೇಳಿ ಮೇಡಂ ಇದನ್ನು ಜಗಳವೆಂದೇ ತಿಳಿದು, ನೀನು ಬಸ್ಸು ಹತ್ತುವ ಮುಂಚೆಯೇ ಸಾವಂತ್ರವ್ವನನ್ನು ಮಹಡಿಗೆ ಸಾಗಿಸಿದರು. ಮೆಟ್ಟಿಲ ಬುಡದಲ್ಲಿ ನಿಂತು ಹಾಡಿದರೂ ನನ್ನ ದನಿ ಅಲ್ಲಿಗೆ ಮುಟ್ಟುವುದಿಲ್ಲ. ಅವಳು ಮತ್ತೆ ಊಟ ಬಿಟ್ಟಿದ್ದಾಳಂತೆ. ನಿನ್ನ ಮೇಲೆ ಸಿಟ್ಟಿದೆ, ಅದಕ್ಕಿಂತ ದುಃಖ ಹೆಚ್ಚಿದೆ.

ನಿಂಗರಾಜನಿಗೆ ಕೇಳಿದೆನೆಂದು ಹೇಳು, ವಿದ್ಯಾಳಿಗೆ ಒಂದು ಮುತ್ತು. ಬೀರಪ್ಪ ನಿಮ್ಮನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಪ್ಪ,
ಅಮಸಿದ್ದಪ್ಪ

ತಾ.ಕ.: ಮಲಿಕಾ ಈಗಷ್ಟೇ ಕೆಳಗಿಳಿದು ಬಂದಳು. ಮಹಡಿ ಸೇರಿದ ಮೇಲೆ ಸಾವಂತ್ರವ್ವ ಇವತ್ತೇ ಬಾಯಿ ಬಿಟ್ಟಳಂತೆ: "ಕೆಳಗಿನ ಮುದುಕ ಸತ್ತನೇನ?" ಇಲ್ಲ ಅಂದರೆ ನಂಬುತ್ತಿಲ್ಲ. "ಇದ್ದಿದ್ರ ಸುಮ್ಮ ಇರ್ತಿದ್ದಿಲ್ಲ" ಎಂದು ಮುಸುಕೆಳೆದು ಮಲಗಿಬಿಟ್ಟಿದ್ದಾಳೆ. ಮಲಿಕಾ ಈ ಕಾಗದದ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತಾಳೆ. ಮೇಡಂಗೆ ನೀನೇ ತಿಳಿಸಿ ಹೇಳು. ನಿಂಗರಾಜನನ್ನು ಕರೆದುಕೊಂಡು ನಾಳೆಯೇ ಬಾ, ನನ್ನನ್ನು ಕುರ್ಚಿ ಸಮೇತ ಮೇಲೆ ಹೊತ್ತು ಒಯ್ಯಿರಿ. ಬೈಗುಳ ಕೇಳಲು ನಾಚಿಕೆಯಾದರೆ ನೀನು ಬಾಗಿಲಾಚೆ ನಿಲ್ಲು.