ಬಾವಿ ಪಕ್ಕದ ಸಾಲು

ಅಣ್ಣ,

ದ್ರಾಕ್ಷಿ ತೋಟ ನೋಡಲು ಇನ್ಸ್‌ಪೆಕ್ಟರು ಇವತ್ತು ಬರುತ್ತಾರೆ. ಹಲಸೂರಿನ ಶಾಲೆಯಲ್ಲಿ ಪರೀಕ್ಷೆ ಇದೆ, ನನಗೆ ರಜೆ ಸಿಗಲಿಲ್ಲ. ನೀನೇ ಮಾತಾಡಬೇಕು. ಸರ್ಕಾರದ ಸಹಾಯಕ್ಕೆ ಹಾಕಿದ ಅರ್ಜಿಯ ನಕಲು ದೇವರ ಗೂಡಿನಲ್ಲಿದೆ.

ಹೋದ ವರ್ಷ ಅವರು ಬರುವ ಹೊತ್ತಿಗೆ ನೀನು ಬಳ್ಳಿಯನ್ನೆಲ್ಲ ಕತ್ತರಿಸಿ ಬೋಳು ಮಾಡಿದ್ದೆ. ದಸರಾ ಕಳೆದ ಮೇಲೆ ಕತ್ತರಿಸಿದರೇನೇ ಚಿಗುರುವುದು ಅಂತ ನಮಗೆ ಗೊತ್ತು, ರಾಗಿ ಹೊಲ ನೋಡಿ ಅಭ್ಯಾಸವಾದವರಿಗೆ ಗೊತ್ತಿಲ್ಲ. "ಬರೀ ಕಡ್ಡಿ ನಿಲ್ಸಿದೀರಲ್ರೀ, ಬೆಳೆ ಎಲ್ಲಿ" ಅಂತ ಬೇಲಿಯಾಚೆಯಿಂದಲೇ ಕೇಳಿ ಹೋಗಿಬಿಟ್ಟರು. ಎಷ್ಟು ಹೇಳಿದರೂ ಈ ಸಲವೂ ಮೊದಲೇ ಕತ್ತರಿಸಿ ಕೂತಿದ್ದೀಯ.

ಈಗ ಬೈದು ಏನು ಬಂತು. ಅವರನ್ನು ಒಳಗೆ ಕರೆದು, ಉಗುರಿನಲ್ಲಿ ಕಡ್ಡಿ ಗೀರಿ, ತೊಗಟೆಯೊಳಗಿನ ಹಸಿರು ತೋರಿಸು, ಬಳ್ಳಿಗೆ ಜೀವ ಇದೆ ಅಂತ ಗೊತ್ತಾಗಲಿ. ಬಾವಿ ಪಕ್ಕದ ಸಾಲಿನಲ್ಲಿ ಮಾತ್ರ ಗೀರು. ರೋಗಕ್ಕೆ ಹೊಡೆಯಲು ಮೈಲುತುತ್ತ ಕೊಡಿ ಅಂತ ಅರ್ಜಿ ಹಾಕಿ ಮೂರು ವರ್ಷವಾಯಿತು ಅಂತಲೂ ಹೇಳು. ಕೊಡುತ್ತಾರೆ ಅನ್ನುವ ನಂಬಿಕೆ ನನಗಿಲ್ಲ.

ಮುದ್ದೆ ಮುಚ್ಚಿಟ್ಟಿದ್ದೇನೆ, ಉಂಡುಕೊಂಡೇ ತೋಟಕ್ಕೆ ಹೋಗು.

ಉಳಿದ ಸಾಲುಗಳನ್ನು ನಿನ್ನೆ ಸಂಜೆ ಒಂದೊಂದಾಗಿ ನಾನೇ ಗೀರಿ ನೋಡಿದೆ. ನೀನು ನೋಡಬೇಡ.

ಶಾಂತ