ದೊಡ್ಡದು ಮಾಡು

ಅಮ್ಮಾ,

ನೀನಿದ್ದಷ್ಟು ದಿನ ನಮ್ಮ ಮನೆಯಲ್ಲಿ ಯಾರೂ ದೀಪ ಆರಿಸು ಎನ್ನುವ ಹಾಗಿರಲಿಲ್ಲ. ಸ್ವಿಚ್ಚಿನ ಹತ್ತಿರ ಕೈ ಹೋದರೂ, "ದೊಡ್ಡದು ಮಾಡು ಅನ್ನೇ!" ಎಂದು ನೀನು ಗದರುತ್ತಿದ್ದೆ. "ಬಲ್ಬಿಗೇನು ಕಿವಿ ಇದ್ಯಾ?" ಎಂದು ಅಪ್ಪ ನಗುತ್ತಿದ್ದರು.

ಇವತ್ತು ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನನ್ನು ಕೇಳಿದರು: "ನಿಮ್ಮ ಮಗ ಇನ್ನು ಏಳಲ್ಲ, ಯಜಮಾನ್ರೇ. ಉಸಿರಿನ ಮೆಷಿನ್ ನಿಲ್ಲಿಸೋಣ್ವಾ?"

ಅಪ್ಪ ಬಹಳ ಹೊತ್ತು ತಮ್ಮನ ಹೊದಿಕೆ ಸರಿಮಾಡುತ್ತಲೇ ಇದ್ದರು. ಆಮೇಲೆ, "ದೊಡ್ಡದು ಮಾಡಿ" ಎಂದು ಗೋಡೆಯ ಕಡೆ ತಿರುಗಿಬಿಟ್ಟರು.

ಡಾಕ್ಟರು ಚಿಕ್ಕ ವಯಸ್ಸಿನವರು. ಏನೂ ತಿಳಿಯದೆ ನನ್ನ ಮುಖ ನೋಡಿದರು.

ಅದರ ಅರ್ಥವನ್ನು ನಾನೇ ಬಿಡಿಸಿ ಹೇಳಬೇಕಾಯಿತಮ್ಮ. ನೀನು ಹೊಸಿಲು ದಾಟಲು ಬಿಡದ ಆ ಮಾತು ನನ್ನ ಬಾಯಿಂದಲೇ ಬಂತು. ಯಾರೂ ಗದರಲಿಲ್ಲ.